ಎದೆಹಾಲು ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. ಹಾಗಾದರೆ 18–22ರ ವಯಸ್ಸಿನವರಿಗೆ ಏನು ಕಲಿಸಬೇಕು?

ಹಸಿರುಬಳೆ (ಗೃಹವಿಜ್ಞಾನ ಉಪನ್ಯಾಸಕಿ, ಧಾರವಾಡ)

ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ನಮ್ಮ ಎನ್‌ಎಸ್‌ಎಸ್ ಘಟಕಕ್ಕೆ ಒಂದೂವರೆ ಗಂಟೆಯ ತರಗತಿ ರೂಪಿಸುತ್ತಿದ್ದೇನೆ. ಪದವಿ ವಿದ್ಯಾರ್ಥಿಗಳು, ಹುಡುಗರೂ ಹುಡುಗಿಯರೂ ಒಟ್ಟಿಗೆ. ಈ ವಾರ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಭಿತ್ತಿಪತ್ರ ಸ್ಪರ್ಧೆ ಮತ್ತು ‘ತಾಯಿಯ ಹಾಲು ಅಮೃತ’ ಎಂಬ ಭಾಷಣ. ಅದರಿಂದ ಯಾರ ಮನಸ್ಸೂ ಬದಲಾಗುವುದಿಲ್ಲ, ಏಕೆಂದರೆ ಅಮೃತವಲ್ಲ ಎಂದು ವಾದಿಸುವವರು ತರಗತಿಯಲ್ಲಿ ಯಾರೂ ಇರುವುದಿಲ್ಲ.

ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಕೇಳಿ ಎಂದರೆ ಮಾತ್ರ ಒಳಗಿನದು ಹೊರಬರುತ್ತದೆ. ಹಾಲು ಸಾಲದೇ ಹೋದರೆ? ಮೈಕಟ್ಟು ಹಾಳಾಗುತ್ತದೆಯೇ? ಕೆಲಸಕ್ಕೆ ಹೋಗುವವಳು ಏನು ಮಾಡಬೇಕು? ಡಬ್ಬಿ ಹಾಲು ಕುಡಿದ ಮಗು ದುಂಡಗಿರುತ್ತದಲ್ಲ? ಬಸ್ಸಿನಲ್ಲಿ ಕುಡಿಸಿದರೆ ಜನ ನೋಡುವುದಿಲ್ಲವೇ? ಹುಡುಗರ ಚೀಟಿಗಳು ಹೆಚ್ಚಾಗಿ ಖಾಲಿ, ಇಲ್ಲವೇ ‘ಇದು ನಮಗೇಕೆ?’ ಎದೆಹಾಲಿನ ಬಗ್ಗೆ ಗೌರವಕ್ಕೇನೂ ಕೊರತೆಯಿಲ್ಲ. ಕೊರತೆ ಇರುವುದು ಕೈಕೆಲಸದ ತಿಳಿವಳಿಕೆಗೆ.

ಅಂಕಿಅಂಶವೂ ಅದನ್ನೇ ಹೇಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ದೇಶದ 88.6% ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು 41.8% ಮಕ್ಕಳಿಗೆ ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಕುಡಿಯುತ್ತಿದ್ದವರು 63.7%. ಒಳ್ಳೆಯದು ಎಂದು ಒಪ್ಪಿದ ಮೇಲೂ ನಡುವೆ ಎಲ್ಲೋ ಕೈತಪ್ಪುತ್ತಿದೆ. ಎಲ್ಲಿ, ಏಕೆ ಎಂಬುದನ್ನು ಬಲ್ಲವರು ಬರೆಯಿರಿ. ತರಗತಿಯಲ್ಲಿ ಮಾಡಿ ತೋರಿಸಲು ಆಗುವಂಥದ್ದಾದರೆ ಇನ್ನೂ ಒಳ್ಳೆಯದು.

ಬಿಳಿಕೊಡೆ (ಹೆರಿಗೆ ವಾರ್ಡ್ ಶುಶ್ರೂಷಕಿ, ಹಾಸನ)

ಮೇಡಂ, ಕೈತಪ್ಪುವುದು ಮೊದಲ ಮೂರು ದಿನಗಳಲ್ಲಿ. ಉಳಿದ ಆರು ತಿಂಗಳ ಹಣೆಬರಹ ಅಲ್ಲೇ ನಿರ್ಧಾರವಾಗುತ್ತದೆ.

ಮೊದಲ ಗಂಟೆ ತಪ್ಪಲು ಕಾರಣ ತಾಯಿಗೆ ಮನಸ್ಸಿಲ್ಲದಿರುವುದಲ್ಲ. ಮಗುವನ್ನು ಒರೆಸಿ, ತೂಕ ಮಾಡಿ, ಬಟ್ಟೆ ಸುತ್ತಿ ಹೊರಗೆ ನಿಂತ ನೆಂಟರಿಗೆ ತೋರಿಸುವಷ್ಟರಲ್ಲಿ ಆ ಹೊತ್ತು ಕಳೆದುಹೋಗುತ್ತದೆ. ಹುಟ್ಟಿದ ಮೊದಲ ಗಂಟೆಯಲ್ಲಿ ಮಗು ಎಚ್ಚರವಾಗಿರುತ್ತದೆ, ಚೀಪುವ ಸಹಜ ಬಲ ಚೆನ್ನಾಗಿರುತ್ತದೆ, ಆಮೇಲೆ ಗಾಢ ನಿದ್ದೆಗೆ ಜಾರುತ್ತದೆ. ಆದ್ದರಿಂದ ಒರೆಸಿದ ಕೂಡಲೇ ಬರಿಮೈಯಲ್ಲಿ ತಾಯಿಯ ಎದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಬೇಕು. ತೂಕ ಆಮೇಲೆ ನೋಡಬಹುದು. ಸಿಸೇರಿಯನ್ ಆದರೆ ಹಾಲು ತಡ ಎಂದುಕೊಳ್ಳುವುದೂ ಬೇಡ. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಹೊಲಿಗೆಯ ಮೇಲೆ ಭಾರ ಬೀಳದಂತೆ ಪಕ್ಕಕ್ಕೆ ಮಲಗಿ ಕುಡಿಸಬಹುದು, ಅಥವಾ ಮಗುವಿನ ಕಾಲುಗಳು ತಾಯಿಯ ಬೆನ್ನಿನ ಕಡೆ ಬರುವಂತೆ ಕಂಕುಳಡಿ ಹಿಡಿದು ಕುಡಿಸಬಹುದು. ಜೊತೆಗಿರುವವರು ಒಬ್ಬರು ಮಗುವನ್ನು ಹಿಡಿದುಕೊಳ್ಳಬೇಕು, ಅಷ್ಟೇ.

ಎರಡನೇ ಎಡವಟ್ಟು ‘ಹಾಲೇ ಬಂದಿಲ್ಲ’ ಎಂಬ ಮಾತು. ಮೊದಲ ದಿನಗಳಲ್ಲಿ ಬರುವುದು ಹಳದಿ ಬಣ್ಣದ, ದಪ್ಪನೆಯ ಹಾಲು, ಅದೂ ಚಮಚಗಳ ಲೆಕ್ಕದಲ್ಲಿ. ತುಂಬಿ ಬರುವ ಹಾಲು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ ಶುರುವಾಗುತ್ತದೆ. ಮೊದಲ ದಿನ ಮಗುವಿಗೂ ಒಂದು ಸಲಕ್ಕೆ ಬೇಕಾಗುವುದು ಒಂದು ಟೀ ಚಮಚದಷ್ಟು, 5–7 ಮಿಲಿ. ಒಂದು ವಾರ, ಹತ್ತು ದಿನಕ್ಕೆ ಅದು 45–60 ಮಿಲಿ ಆಗುತ್ತದೆ. ತರಗತಿಯಲ್ಲಿ ಮೇಜಿನ ಮೇಲೆ ಒಂದು ಟೀ ಚಮಚ ಮತ್ತು 60 ಮಿಲಿಯ ಲೋಟ ಇಟ್ಟು ತೋರಿಸಿ. ಮೊದಲ ದಿನವೇ ಯಾರೋ 30 ಮಿಲಿ ಡಬ್ಬಿ ಹಾಲು ಕುಡಿಸಿದರೆ ಏನಾಗುತ್ತದೆ ಎಂದು ಮಕ್ಕಳು ತಾವೇ ಲೆಕ್ಕ ಹಾಕುತ್ತಾರೆ: ಹೊಟ್ಟೆ ಬಿರಿಯೆ ಕುಡಿದು ಗಂಟೆಗಟ್ಟಲೆ ಮಲಗುತ್ತದೆ, ಎದೆ ಚೀಪುವುದಿಲ್ಲ, ಚೀಪದ ಎದೆಗೆ ಹಾಲು ಮಾಡುವ ಸಂದೇಶ ಹೋಗುವುದಿಲ್ಲ.

ಕಾವೇರಿಕಣಿವೆ (ಮಕ್ಕಳ ವೈದ್ಯ, ಮೈಸೂರು)

ಸಿಸ್ಟರ್ ಬರೆದದ್ದಕ್ಕೆ ಪೂರ್ತಿ ಒಪ್ಪಿಗೆ. ‘ಹಾಲು ಸಾಲದು’ ಎಂಬ ಭಯದ ಬಗ್ಗೆ ಇನ್ನಷ್ಟು ಬರೆಯಲೇಬೇಕು. ಎದೆಹಾಲು ನಿಲ್ಲಿಸುವವರು ಹೇಳುವ ಕಾರಣಗಳಲ್ಲಿ ಇದೇ ಮೊದಲನೆಯದು, ಮತ್ತು ಬಹುತೇಕ ಸಲ ಹಾಲು ಸಾಕಷ್ಟು ಇರುತ್ತದೆ.

ಚೀಪಿದಾಗ ಎರಡು ಹಾರ್ಮೋನುಗಳು ಕೆಲಸ ಮಾಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಕ್ಕೆ ತಳ್ಳುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚು, ಹಾಗಾಗಿ ರಾತ್ರಿಯ ಹಾಲೂಡಿಕೆ ಬಿಟ್ಟರೆ ಒಟ್ಟು ಹಾಲೇ ಇಳಿಯುತ್ತದೆ. ನೋವು, ಭಯ, ಅವಮಾನದ ಮಾತು ಆಕ್ಸಿಟೋಸಿನ್ನನ್ನು ತಡೆಯುತ್ತವೆ. ಹಾಲು ಎದೆಯಲ್ಲೇ ಇರುತ್ತದೆ, ಇಳಿಯುವುದಿಲ್ಲ. ‘ನಿನಗೆ ಹಾಲೇ ಇಲ್ಲ’ ಎಂದು ಮನೆಯವರು ಅನ್ನುವುದು ಬರಿಯ ಮಾತಲ್ಲ, ಮೈಮೇಲೆ ಪರಿಣಾಮ ಮಾಡುವ ಕೆಲಸ. ಇನ್ನೊಂದು ನಿಯಮ: ತುಂಬಿಕೊಂಡೇ ಇರುವ ಎದೆ ಉತ್ಪಾದನೆ ತಗ್ಗಿಸುತ್ತದೆ, ಖಾಲಿಯಾದ ಎದೆ ಹೆಚ್ಚಿಸುತ್ತದೆ. ಸೇದಿದಷ್ಟೂ ಊರುವ ಬಾವಿಯಂತೆ ಅದು.

ಸಾಕಾಗುತ್ತಿದೆಯೇ ಎಂದು ತಿಳಿಯಲು ಎದೆಯ ಗಾತ್ರ, ಹಿಂಡಿದಾಗ ಬರುವ ಹಾಲು, ಮಗುವಿನ ಅಳು ಮೂರೂ ಸರಿಯಾದ ಅಳತೆಯಲ್ಲ. ಅಳತೆ ಇರುವುದು ಲಂಗೋಟಿಯಲ್ಲಿ ಮತ್ತು ತಕ್ಕಡಿಯಲ್ಲಿ. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ, ಹೀಗೆ ಮೂತ್ರ ಏರುತ್ತಾ ಹೋಗಿ, ಐದನೇ ದಿನದ ನಂತರ 24 ಗಂಟೆಗೆ ಆರು ಅಥವಾ ಹೆಚ್ಚು ಸಲ ತಿಳಿಬಣ್ಣದ ಮೂತ್ರ ಹೋಗಬೇಕು. ಕಪ್ಪು ಮಲ ನಾಲ್ಕೈದು ದಿನಕ್ಕೆ ಹಳದಿಗೆ ತಿರುಗಬೇಕು. ಹುಟ್ಟಿದ ತೂಕದಲ್ಲಿ ಮೊದಲ ವಾರ 7–10% ಇಳಿಯುವುದು ಸಹಜ, ಎರಡು ವಾರದೊಳಗೆ ಅದು ಮರಳಿ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25–30 ಗ್ರಾಂ ಏರುತ್ತದೆ. 10%ಗಿಂತ ಹೆಚ್ಚು ಇಳಿದರೆ, ಮಗು ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಮೂತ್ರ ಕಡಿಮೆಯಾದರೆ ಅದೇ ದಿನ ತೋರಿಸಬೇಕು.

ದಿನಕ್ಕೆ 8ರಿಂದ 12 ಸಲ ಕುಡಿಯುವುದು ಮಾಮೂಲು. ಎರಡು ಮೂರನೇ ವಾರದಲ್ಲಿ ಒಮ್ಮೆ, ಆರನೇ ವಾರದ ಹೊತ್ತಿಗೊಮ್ಮೆ, ಮೂರನೇ ತಿಂಗಳ ಹೊತ್ತಿಗೊಮ್ಮೆ ಮಗು ಒಂದೆರಡು ದಿನ ಎದೆ ಬಿಡದೆ ಕುಡಿಯುತ್ತದೆ. ಡಬ್ಬಿ ಮನೆಗೆ ಬರುವುದು ಹೆಚ್ಚಾಗಿ ಆ ಸಂಜೆಗಳಲ್ಲೇ. ಮಗು ಅಂದು ಮಾಡುತ್ತಿರುವುದು ನಾಳೆಗೆ ಬೇಕಾದ ಹಾಲಿನ ಬೇಡಿಕೆ. ಅದನ್ನು ಬಾಟಲಿಯಿಂದ ತೀರಿಸಿದರೆ ಎದೆಗೆ ಸುದ್ದಿ ಮುಟ್ಟುವುದಿಲ್ಲ.

ಭೀಮೆದಂಡೆ (ಆಶಾ ಮೇಲ್ವಿಚಾರಕಿ, ಕಲಬುರಗಿ)

ನೋಡ್ರಿ ಮೇಡಂ, ಕಾಲೇಜಿನ ಹುಡುಗರಿಗಿ ಮನೀ ಒಳಗಿನ ವಿಷಯನೂ ಹೇಳ್ರಿ. ನಾಳೆ ಅವರೇ ಹಿರಿಯರ ಮುಂದ ನಿಂತು ಮಾತಾಡಬೇಕಾಗತದ.

ಹುಟ್ಟಿದ ಕೂಸಿಗಿ ಜೇನುತುಪ್ಪ ನೆಕ್ಕಿಸೋದು, ಸಕ್ಕರಿ ನೀರು, ಹರಳೆಣ್ಣಿ, ಬಜಿ ತೇದು ಹಾಕೋದು ಇನ್ನೂ ನಿಂತಿಲ್ಲ. ಒಂದು ವರ್ಷದೊಳಗಿನ ಕೂಸಿಗಿ ಜೇನು ಕೊಟ್ರ ಬೊಟುಲಿಸಂ ಅನ್ನೋ ರೋಗ ಬರೋ ಅಪಾಯ ಅದ, ನರಗಳು ಸೋತು ಉಸಿರಿಗೇ ತೊಂದ್ರಿ ಆಗತದ. ತೇಯೋ ಕಲ್ಲು, ಕೈ, ನೀರು ಯಾವುದರಿಂದಲೂ ಭೇದಿ ಹತ್ತಬಹುದು. ಬ್ಯಾಸಗಿ ದಿನದಾಗ ‘ಕೂಸಿಗಿ ನೀರಡಿಕಿ ಆಗತದ’ ಅಂತ ನೀರು ಕುಡಿಸ್ತಾರ. ಎದೆಹಾಲಿನಾಗ 87% ದಾಟಿ ನೀರೇ ಇರತದ. ನಮ್ಮ ಕಲಬುರಗಿ, ರಾಯಚೂರು ಬಿಸಲಿನಾಗೂ ಆರು ತಿಂಗಳ ತನಕ ಹನಿ ನೀರು ಬ್ಯಾಡ. ಬಿಸಲು ಜಾಸ್ತಿ ಆದ್ರ ಎದಿಗಿ ಹಾಕೋ ಸಲ ಜಾಸ್ತಿ ಮಾಡಬೇಕು, ಅಷ್ಟ.

ಬಾಣಂತಿಗಿ ನೀರು ಕಡಿಮಿ ಕೊಡೋದು ಇನ್ನೊಂದು ದೊಡ್ಡ ತಪ್ಪು. ‘ನೀರು ಕುಡದ್ರ ಹೊಟ್ಟಿ ಬರತದ’ ಅಂತಾರ. ಆಕಿಗಿ ಮಲಬದ್ಧತಿ, ಮೂತ್ರದ ಉರಿ, ತಲಿಸುತ್ತು ಎಲ್ಲಾ ಇದರಿಂದನೇ. ಕೂಸಿಗಿ ಹಾಲೂಡಿಸೋ ಮುಂದ ಪ್ರತಿ ಸಲ ಒಂದು ಗ್ಲಾಸ್ ನೀರು ಕೈಯಾಗ ಕೊಡ್ರಿ. ಸಬ್ಬಸಗಿ ಪಲ್ಲೆ, ಬೆಳ್ಳುಳ್ಳಿ, ಅಳವಿ ಪಾಯಸ, ಅಂಟಿನುಂಡಿ ಎಲ್ಲಾ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಾಯಿಪಲ್ಲೆ, ಹಣ್ಣು, ಬೇಳಿ, ತತ್ತಿ ನಿಲ್ಲಿಸಿ ಬರೀ ಅನ್ನ ಸಾರು ಮೆಣಸು ಕೊಡೋ ಪಥ್ಯ ನಡಿಯಂಗಿಲ್ಲ. ಮೊದಲ ಆರು ತಿಂಗಳು ಆಕಿಗಿ ದಿನಕ್ಕ 600 ಕ್ಯಾಲೊರಿ ಜಾಸ್ತಿ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳತದ. ಎರಡು ರೊಟ್ಟಿ, ಒಂದು ಬಟ್ಟಲ ಬೇಳಿ, ಒಂದು ತತ್ತಿ, ಒಂದು ಬಾಳಿಹಣ್ಣು ಸೇರಿಸಿದ್ರ ಹತ್ತತ್ರ ಬರತದ.

ಆಸ್ಪತ್ರಿಯಾಗ ಹೆರಿಗಿ ಆದವರ ಮನೀಗಿ ಆಶಾ 3, 7, 14, 21, 28, 42ನೇ ದಿನ ಬರತಾಳ, ಕೂಸಿನ ತೂಕ ನೋಡತಾಳ, ಎದೀಗಿ ಹಚ್ಚೋದು ನೋಡತಾಳ. ಆ ಹೊತ್ತಿನಾಗ ಗಂಡನೂ ಮನ್ಯಾಗ ಕೂತು ಕೇಳಲಿ. ತಾಯಿಗಿ ಒಬ್ಬಾಕಿಗೇ ಹೇಳಿದ್ರ ಮಾತು ಅಡಗಿಮನಿ ತನಕ ಮುಟ್ಟಂಗಿಲ್ಲ.

ಮುಂಗಾರು (ಬಿ.ಎಸ್ಸಿ. ಎರಡನೇ ವರ್ಷ, ಶಿವಮೊಗ್ಗ)

ತರಗತಿಯಲ್ಲಿ ಕೂರುವವರ ಕಡೆಯಿಂದ ಎರಡು ಪ್ರಶ್ನೆ. ಒಂದು, ಮೈಕಟ್ಟಿನ ವಿಷಯವನ್ನು ‘ಅದೆಲ್ಲ ಸುಳ್ಳು’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ, ಕಾರಣ ಯಾರೂ ಹೇಳುವುದಿಲ್ಲ. ಎರಡು, ಮೊಲೆತೊಟ್ಟು ಸೀಳಿ ರಕ್ತ ಬರುವ ವಿಡಿಯೊಗಳು ಫೋನಿನಲ್ಲಿ ಎಲ್ಲರೂ ನೋಡಿರುತ್ತಾರೆ. ಇಷ್ಟು ನೋವಿದ್ದರೆ ಯಾಕೆ ಮಾಡಬೇಕು ಅಂತ ಹುಡುಗಿಯರು ನೇರವಾಗಿಯೇ ಕೇಳುತ್ತಾರೆ. ನೋವು ಸಹಜ, ಸಹಿಸಿಕೋ ಎಂಬ ಉತ್ತರ ಕೊಟ್ಟರೆ ತರಗತಿ ಅಲ್ಲಿಗೇ ಮುಗಿದಂತೆ.

ತೊಟ್ಟಿಲುಹಗ್ಗ (ಸ್ತನ್ಯಪಾನ ಸಲಹೆಗಾರ್ತಿ, ಬೆಂಗಳೂರು)

ಎರಡೂ ಒಳ್ಳೆಯ ಪ್ರಶ್ನೆಗಳು. ಮೊದಲನೆಯದು: ಎದೆಯ ಆಕಾರ ಬದಲಾಗುವುದು ನಿಜ, ಆದರೆ ಅದು ಗರ್ಭಧಾರಣೆಯಲ್ಲೇ ಆಗುತ್ತದೆ. ಗ್ರಂಥಿಗಳು ಬೆಳೆದು ಚರ್ಮ, ತಂತುಗಳು ಹಿಗ್ಗುತ್ತವೆ. ಎಷ್ಟು ಸಲ ಬಸಿರಾದರು, ವಯಸ್ಸು, ಮೈತೂಕ, ಧೂಮಪಾನ ಇವುಗಳ ಪಾಲು ದೊಡ್ಡದು. ಹಾಲೂಡಿಸದೆ ಬಿಟ್ಟವರಿಗೂ ಆ ಬದಲಾವಣೆ ಬಂದೇ ಬರುತ್ತದೆ.

ಎರಡನೆಯದಕ್ಕೆ ‘ಸಹಿಸಿಕೋ’ ಎಂಬುದು ಖಂಡಿತ ತಪ್ಪು ಉತ್ತರ. ಮೊದಲ ದಿನಗಳಲ್ಲಿ, ಬಾಯಿ ಹಾಕಿದ ಕೆಲವು ಕ್ಷಣ ಸೆಳೆತ ಇರಬಹುದು. ಅದು ಮುಂದುವರಿದರೆ, ತೊಟ್ಟು ಸೀಳಿದರೆ, ಮಗು ಎದೆ ಹಿಡಿದ ರೀತಿ ತಪ್ಪಿದೆ ಎಂದರ್ಥ. ಮಗು ತೊಟ್ಟನ್ನಷ್ಟೇ ಹಿಡಿದರೆ ಗಟ್ಟಿ ಅಂಗುಳಿಗೆ ಉಜ್ಜಿ ಗಾಯವಾಗುತ್ತದೆ, ಹಾಲೂ ಸರಿಯಾಗಿ ಬರುವುದಿಲ್ಲ. ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋದರೆ ತೊಟ್ಟು ಮೆತ್ತನೆಯ ಅಂಗುಳಿನ ತನಕ ತಲುಪುತ್ತದೆ, ನೋವಾಗುವುದಿಲ್ಲ. ಗಾಯ ಮತ್ತು ‘ಹಾಲು ಸಾಲದು’ ಎರಡಕ್ಕೂ ಬಹಳ ಸಲ ಕಾರಣ ಇದೊಂದೇ.

ತರಗತಿಯಲ್ಲಿ ಮಾಡಿ ತೋರಿಸಲು ಬೇಕಾದದ್ದು ಒಂದು ಬಟ್ಟೆಯ ಗೊಂಬೆ ಮತ್ತು ತಿಳಿಕಂದು ಬಣ್ಣದ ಒಂದು ಕಾಲುಚೀಲ. ಕಾಲುಚೀಲದೊಳಗೆ ಹತ್ತಿ ತುಂಬಿ ದುಂಡು ಮಾಡಿ, ನಡುವೆ 4 ಸೆಂ.ಮೀ. ಅಗಲದ ಗಾಢ ಬಣ್ಣದ ಬಟ್ಟೆಯ ವೃತ್ತ ಹೊಲಿಯಿರಿ, ಅದರ ನಡುವೆ ದಾರ ಕಟ್ಟಿ ತೊಟ್ಟು ಮಾಡಿ. ಗೊಂಬೆಯ ಬಾಯಿ ತೆರೆಯುವಂತಿರಲಿ. ಈಗ ತೋರಿಸಬೇಕಾದದ್ದು: ಮಗುವಿನ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿ ಇರಬೇಕು. ಕುತ್ತಿಗೆ ಮಾತ್ರ ತಿರುಗಿದ್ದರೆ ನುಂಗಲಾಗುವುದಿಲ್ಲ. ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಲಿ. ಮೂಗು ತೊಟ್ಟಿನ ಎದುರಿಗೆ ಬರಲಿ. ತೊಟ್ಟಿನಿಂದ ಮೇಲ್ತುಟಿ ಸವರಿ, ಮಗು ಆಕಳಿಸುವಷ್ಟು ಬಾಯಿ ತೆರೆಯುವ ತನಕ ಕಾಯಬೇಕು. ತೆರೆದ ಕೂಡಲೇ ಮಗುವನ್ನು ಎದೆಗೆ ತರಬೇಕು, ಎದೆಯನ್ನು ಮಗುವಿನತ್ತ ಬಗ್ಗಿಸಬಾರದು. ಬಗ್ಗಿದರೆ ಬೆನ್ನುನೋವು ಗ್ಯಾರಂಟಿ.

ಹಿಡಿತ ಸರಿಯಾಗಿದೆಯೇ ಎಂದು ನೋಡುವವರಿಗೂ ಗೊತ್ತಾಗುತ್ತದೆ. ಗದ್ದ ಎದೆಗೆ ತಾಗಿರುತ್ತದೆ, ಕೆಳತುಟಿ ಹೊರಕ್ಕೆ ಮಡಿಚಿರುತ್ತದೆ, ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ, ಕೆನ್ನೆ ಗುಳಿ ಬೀಳದೆ ದುಂಡಗಿರುತ್ತದೆ, ನುಂಗುವ ಸದ್ದು ಕೇಳುತ್ತದೆ. ತಪ್ಪಿದ್ದರೆ ಎಳೆದು ಬಿಡಿಸಬಾರದು. ಶುಚಿಯಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ ಹಿಡಿತ ಸಡಿಲಿಸಿ, ಮತ್ತೆ ಹಾಕಬೇಕು. ಹುಡುಗರ ಕೈಗೂ ಗೊಂಬೆ ಕೊಡಿ. ಮನೆಯಲ್ಲಿ ಹಿಡಿತ ಪಕ್ಕದಿಂದ ನೋಡಿ ಹೇಳಬಲ್ಲವನು ಗಂಡನೇ. ತಾಯಿಗೆ ಮೇಲಿನಿಂದ ಕೆಳತುಟಿ ಕಾಣುವುದಿಲ್ಲ.

ಹಳದಿಚೌಕ (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

‘ಇದು ನಮಗೇಕೆ’ ಎಂದು ಬರೆಯುವವರಲ್ಲಿ ಹೆಚ್ಚಿನವರಿಗೆ ತಾತ್ಸಾರವಲ್ಲ, ಮುಜುಗರ. ಹುಡುಗರಿಗೆ ಇಂತಿಂಥದ್ದು ನಿಮ್ಮ ಕೆಲಸ ಎಂದು ಪಟ್ಟಿ ಕೊಟ್ಟರೆ ಕೂರುತ್ತಾರೆ. ಸಾಧ್ಯವಾದರೆ ಹುಡುಗರು ಹುಡುಗಿಯರನ್ನು ಬೇರೆ ಬೇರೆ ಕೂರಿಸಿ. ಒಟ್ಟಿಗಿದ್ದರೆ ನಗು ಶುರುವಾಗುತ್ತದೆ.

ತೊಟ್ಟಿಲುಹಗ್ಗ

ಬೇರೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಬೇರೆ ಮಾಡಿದ ಕೂಡಲೇ ಇದು ಮುಚ್ಚಿಡಬೇಕಾದ ವಿಷಯ ಎಂದು ನಾವೇ ಹೇಳಿದಂತಾಗುತ್ತದೆ. ಚೀಟಿಯ ಪ್ರಶ್ನೆಗಳಿಂದ ಶುರು ಮಾಡಿದರೆ, ಮೊದಲ ಹತ್ತು ನಿಮಿಷ ಚಮಚ, ಲೋಟ, ತೂಕದ ಲೆಕ್ಕ ಮಾಡಿದರೆ ನಗು ತಾನಾಗಿ ನಿಲ್ಲುತ್ತದೆ.

ಪಟ್ಟಿ ಕೇಳಿದ್ದೀರಿ. ರಾತ್ರಿ ಮಗುವನ್ನು ಎತ್ತಿ ತಾಯಿಯ ಪಕ್ಕಕ್ಕೆ ಕೊಡುವುದು. ಕುಡಿದಾದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುವುದು, ಲಂಗೋಟಿ ಬದಲಿಸುವುದು. ಮೊದಲ ಎರಡು ವಾರ ಮೂತ್ರ, ಮಲದ ಲೆಕ್ಕ ಒಂದು ಚೀಟಿಯಲ್ಲಿ ಬರೆದಿಡುವುದು, ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ಹಾಲೂಡಿಸುವಾಗ ಕೋಣೆಗೆ ನೆಂಟರು ಬಾರದಂತೆ ನೋಡಿಕೊಳ್ಳುವುದು. ‘ಹಾಲು ಸಾಲದು’ ಎಂದವರಿಗೆ ತೂಕದ ಚೀಟಿ ತೋರಿಸುವುದು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯವರಿಗೆ ಕಾನೂನಿನಲ್ಲಿ ಇಲ್ಲ. ಕೆಲಸಕ್ಕೆ ಸೇರುವಾಗಲೇ ಕಂಪನಿಯ ನಿಯಮ ಏನೆಂದು ಹುಡುಗರೂ ಕೇಳಬೇಕು.

ಪೀಣ್ಯಸೈರನ್ (ಕಾರ್ಮಿಕ ಕಾನೂನು ಸಲಹೆಗಾರ, ಬೆಂಗಳೂರು)

ಕೆಲಸದ ವಿಷಯ ನನಗೆ ಬಿಡಿ. ಇನ್ನೆರಡು ವರ್ಷದಲ್ಲಿ ಉದ್ಯೋಗಕ್ಕೆ ಹೋಗುವವರಿಗೆ ಹೇಳಲೇಬೇಕಾದ ಭಾಗ ಇದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ, ಮೂರನೆಯದಕ್ಕೆ 12 ವಾರ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 26ರಲ್ಲಿ ಹೆರಿಗೆಗೆ ಮೊದಲು ಗರಿಷ್ಠ 8 ವಾರ ತೆಗೆದುಕೊಳ್ಳಬಹುದು. ಆ ಎಂಟನ್ನೂ ಮೊದಲೇ ತೆಗೆದುಕೊಂಡರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಆರು ತಿಂಗಳ ಎದೆಹಾಲಿಗೆ ಎರಡು ತಿಂಗಳ ಕೊರತೆ. ಆರೋಗ್ಯ ಅನುವು ಮಾಡಿಕೊಟ್ಟರೆ ರಜೆಯನ್ನು ಆದಷ್ಟು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳಿ.

ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವ ತನಕ, ಮಾಮೂಲಿ ವಿರಾಮದ ಜೊತೆಗೆ, ದಿನಕ್ಕೆ ಎರಡು ಹಾಲೂಡಿಕೆಯ ವಿರಾಮಗಳು ಹಕ್ಕು. 50 ಅಥವಾ ಹೆಚ್ಚು ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶಗಳು ಉಳಿದಿವೆ. ಗಾರ್ಮೆಂಟ್ಸ್‌ನಲ್ಲಿ ಎಡವುವುದು ಬೇರೆ ಕಡೆ: ಕೇಂದ್ರ ಇದ್ದರೂ, ದಟ್ಟಣೆಯ ಬಸ್ಸಿನಲ್ಲಿ ಎಳೆಮಗುವನ್ನು ಕರೆತರಲಾಗುವುದಿಲ್ಲ. ಗಂಟೆಗಿಷ್ಟು ಪೀಸ್ ಎಂಬ ಗುರಿಯಿರುವಾಗ ವಿರಾಮ ಕೇಳಲು ಹೆದರುತ್ತಾರೆ. ಆದ್ದರಿಂದ ಹಕ್ಕು ಹೇಳಿಕೊಟ್ಟರಷ್ಟೇ ಸಾಲದು, ವಿರಾಮದ ಸಮಯವನ್ನು ಮರಳುವ ಮೊದಲೇ ಬರವಣಿಗೆಯಲ್ಲಿ ಕೇಳುವುದನ್ನು ಹೇಳಿಕೊಡಿ. ಎರಡು ಸಾಲಿನ ಪತ್ರ ಸಾಕು: ಸೇರುವ ದಿನಾಂಕ, ಬೇಕಾದ ಎರಡು ಹೊತ್ತು, ಬಾಗಿಲಿಗೆ ಒಳಚಿಲಕ ಇರುವ ಕೋಣೆ. ಶೌಚಾಲಯವನ್ನು ಕೋಣೆ ಎಂದು ಒಪ್ಪಬೇಡಿ, ನೀವು ಕೇಳುತ್ತಿರುವುದು ಮಗುವಿನ ಆಹಾರ ಸಿದ್ಧವಾಗುವ ಜಾಗ.

ಬಹಿರಂಗವಾಗಿ ಹಾಲೂಡಿಸುವ ಬಗ್ಗೆ ಚೀಟಿಯಲ್ಲಿ ಕೇಳಿದವರಿಗೂ ಉತ್ತರ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್, ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಪೀಠ, ಹಾಲೂಡಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕಿದೆ ಎಂದು ಹೇಳಿತು. ಆಸ್ಪತ್ರೆಯಿಂದ ಕಳುವಾದ ಮಗುವೊಂದನ್ನು ಹೆತ್ತ ತಾಯಿಗೆ ಒಪ್ಪಿಸುವ ಪ್ರಕರಣ ಅದು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೋಣೆಗಳ ವಿಷಯದಲ್ಲಿ ಕ್ರಮ ಕೈಗೊಳ್ಳಲು ಸೂಚಿಸುತ್ತಾ, ತಾಯಂದಿರನ್ನು ಈ ಕಾರಣಕ್ಕೆ ಹೀನಾಯವಾಗಿ ಕಾಣಬಾರದು ಎಂದಿತು. ಸೆರಗಿನಡಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕುಡಿಸುವುದು ನಮ್ಮ ಹಳ್ಳಿಗಳಲ್ಲಿ ಎಂದೂ ಸುದ್ದಿಯಾಗಿರಲಿಲ್ಲ. ನಾಚಿಕೆ ಕಲಿಯಬೇಕಾದವರು ದಿಟ್ಟಿಸುವವರು.

ಬಿಳಿಕೊಡೆ

ಕೆಲಸಕ್ಕೆ ಹೋಗುವವರು ಹಾಲು ತೆಗೆದಿಡುವುದನ್ನು ನಾನು ಸೇರಿಸುತ್ತೇನೆ. ಯಂತ್ರವೇ ಬೇಕೆಂದಿಲ್ಲ. ಸೋಪಿನಲ್ಲಿ ಕೈ ತೊಳೆದು, ಕುದಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲು ಹಿಡಿಯಬೇಕು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ 2–3 ಸೆಂ.ಮೀ. ಹಿಂದಕ್ಕೆ ಇಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ, ಬಿಡಬೇಕು. ಚರ್ಮದ ಮೇಲೆ ಜಾರಿಸಬಾರದು, ತೊಟ್ಟನ್ನೇ ಹಿಂಡಬಾರದು. ಮೊದಲ ಒಂದೆರಡು ನಿಮಿಷ ಹನಿಯಷ್ಟೇ ಬರುತ್ತದೆ, ಬಿಟ್ಟುಬಿಡುವವರು ಅಲ್ಲೇ ಬಿಡುತ್ತಾರೆ. ಒಂದು ಕಡೆ 3–5 ನಿಮಿಷ, ಇನ್ನೊಂದು ಕಡೆ ಅಷ್ಟೇ, ಮತ್ತೆ ತಿರುಗಿ, ಒಟ್ಟು 20–30 ನಿಮಿಷ. ಕೆಲಸಕ್ಕೆ ಸೇರುವ ಎರಡು ಮೂರು ವಾರ ಮೊದಲು ಅಭ್ಯಾಸ ಶುರು ಮಾಡಬೇಕು.

ಎಷ್ಟು ಬೇಕು ಎಂಬ ಲೆಕ್ಕ: ಒಂದರಿಂದ ಆರು ತಿಂಗಳ ನಡುವಿನ ಮಗು ದಿನಕ್ಕೆ ಸುಮಾರು 750–800 ಮಿಲಿ ಕುಡಿಯುತ್ತದೆ, ಅಂದರೆ ಗಂಟೆಗೆ ಸುಮಾರು 30 ಮಿಲಿ. ಬೆಂಗಳೂರಿನ ಓಡಾಟ ಸೇರಿ 10 ಗಂಟೆ ಹೊರಗಿದ್ದರೆ 300 ಮಿಲಿ. 60–90 ಮಿಲಿಯ ಪಾಲು ಮಾಡಿ, ದಿನಾಂಕ ಬರೆದಿಡಿ. ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇಡಬೇಡಿ, ಬೇಸಿಗೆಯಲ್ಲಿ ಇನ್ನೂ ಬೇಗ ತಂಪಿಗೆ ಹಾಕಿ. ಫ್ರಿಜ್ಜಿನ ಬಾಗಿಲಲ್ಲಿ ಇಡದೆ ಒಳಗೆ ಹಿಂಬದಿಯಲ್ಲಿಡಿ. ನಾಲ್ಕು ದಿನದವರೆಗೆ ಇಡಬಹುದು ಎನ್ನುತ್ತಾರೆ, ಕರೆಂಟು ಹೋಗಿಬರುವ ಮನೆಗಳಲ್ಲಿ 24 ಗಂಟೆಯೊಳಗೆ ಮುಗಿಸುವುದು ಕ್ಷೇಮ. ಕೊಬ್ಬು ಮೇಲೆ ಕಟ್ಟಿದರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಕುದಿಸಬಾರದು, ಮೈಕ್ರೋವೇವ್ ಬೇಡ, ಬಿಸಿನೀರಿನ ಬಟ್ಟಲಲ್ಲಿ ಪಾತ್ರೆಯನ್ನಿಟ್ಟು ಬೆಚ್ಚಗೆ ಮಾಡಿ. ಕುಡಿದು ಉಳಿದದ್ದನ್ನು ಎರಡು ಗಂಟೆ ದಾಟಿದರೆ ಚೆಲ್ಲಿ.

ಕುಡಿಸಲು ಬಾಟಲಿ ಬದಲು ಅಜ್ಜಿಯರ ಒಳಲೆ (ಮೂತಿಯಿರುವ ಪುಟ್ಟ ಬಟ್ಟಲು) ಬಳಸಿ. ಮಗುವನ್ನು ತೊಡೆಯ ಮೇಲೆ ತುಸು ನೆಟ್ಟಗೆ ಕೂರಿಸಿ, ಒಳಲೆಯ ಮೂತಿಯನ್ನು ಬಾಯಿಯ ಮೂಲೆಗಿಟ್ಟು, ಸ್ವಲ್ಪ ಬಿಟ್ಟು, ನುಂಗಿದ ಮೇಲೆ ಇನ್ನು ಸ್ವಲ್ಪ. ಮಲಗಿಸಿ ಸುರಿದರೆ ನೆತ್ತಿಗೆ ಹತ್ತುತ್ತದೆ. ತರಗತಿಗೆ ಒಂದು ಒಳಲೆ ತನ್ನಿ, ಎಷ್ಟೋ ಮಕ್ಕಳು ನೋಡೇ ಇರುವುದಿಲ್ಲ.

ಕಾವೇರಿಕಣಿವೆ

ಒಂದು ಮಾತು ಕಡ್ಡಾಯವಾಗಿ ಸೇರಿಸಿ. ನಿಜಕ್ಕೂ ಹಾಲು ಕಡಿಮೆಯಾಗುವ ಕಾರಣಗಳೂ ಇವೆ: ಮಾಸಿನ ತುಣುಕು ಒಳಗೆ ಉಳಿಯುವುದು, ಹೆರಿಗೆಯಲ್ಲಿ ತೀವ್ರ ರಕ್ತಸ್ರಾವ, ಥೈರಾಯ್ಡ್ ತೊಂದರೆ, ಹಿಂದಿನ ಎದೆ ಶಸ್ತ್ರಚಿಕಿತ್ಸೆ, ಗ್ರಂಥಿಗಳೇ ಕಡಿಮೆ ಇರುವುದು. ಪಿಸಿಒಎಸ್ (ಅಂಡಾಶಯ, ಹಾರ್ಮೋನುಗಳ ಏರುಪೇರಿನ ತೊಂದರೆ) ಇರುವ ಹುಡುಗಿಯರು ಹೆದರುತ್ತಾರೆ. ಕೆಲವರಿಗೆ ಕಡಿಮೆಯಾಗಬಹುದು, ಎಲ್ಲರಿಗೂ ಅಲ್ಲ. ಮೊದಲ ವಾರ ತೂಕದ ಮೇಲೆ ಕಣ್ಣಿಟ್ಟರೆ ಸಾಕು. ಹಾಲೂಡಿಸಲಾಗದ ತಾಯಿಯನ್ನು ತಪ್ಪಿತಸ್ಥೆ ಮಾಡುವ ತರಗತಿ ಮಾಡಬೇಡಿ.

ಶಿಶುಗಳಿಗೆಂದೇ ಮಾಡಿದ ಡಬ್ಬಿಯ ಪುಡಿ ಹಾಲು ಬೇಕೇಬೇಕಾದರೆ ಕುದಿಸಿ 70 ಡಿಗ್ರಿಗಿಂತ ಕೆಳಗಿಳಿಯದ ನೀರನ್ನು ಮೊದಲು ಅಳೆದು, ಡಬ್ಬಿಯ ಚಮಚದಲ್ಲೇ ಮಟ್ಟಸವಾಗಿ ಪುಡಿ ಹಾಕಬೇಕು. ಪುಡಿ ಕ್ರಿಮಿರಹಿತವಲ್ಲ, ಅದಕ್ಕೇ ಆ ಬಿಸಿ. ತಣಿಸಿ, ಮುಂಗೈ ಮೇಲೆ ಹನಿಸಿ ನೋಡಿ ಕುಡಿಸಬೇಕು. ದುಬಾರಿ ಎಂದು ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ, ಪುಡಿ ಹೆಚ್ಚಿಸಿದರೆ ಮೂತ್ರಪಿಂಡಕ್ಕೆ ಭಾರ. ವರ್ಷದೊಳಗೆ ಹಸುವಿನ ಹಾಲು ಮುಖ್ಯ ಆಹಾರವಾಗಬಾರದು. ಇನ್ನು ‘ದುಂಡಗಿರುತ್ತದೆ’ ಎಂಬ ಚೀಟಿಗೆ: ದುಂಡಗಿರುವುದು ಆರೋಗ್ಯದ ಅಳತೆಯಲ್ಲ, ತಾಯಿ ಕಾರ್ಡಿನ ಬೆಳವಣಿಗೆಯ ಗೆರೆ ನೋಡಿ.

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ತಾಯಿಯ ಹಾಲು ಸಿಗದಿದ್ದರೆ ಹಾಲಿನ ಬ್ಯಾಂಕ್ ಇದೆ. ದೇಶದ ಮೊದಲನೆಯದು 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುತ್ತಾರೆ. ಎದೆಹಾಲಿನ ವಾಣಿಜ್ಯ ಮಾರಾಟಕ್ಕೆ ಅನುಮತಿ ಇಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಸ್ಪಷ್ಟಪಡಿಸಿದೆ. ಆನ್‌ಲೈನಿನಲ್ಲಿ ಕೊಳ್ಳಬೇಡಿ.

ಜ್ವರ, ನೆಗಡಿಯಲ್ಲಿ ಹಾಲು ನಿಲ್ಲಿಸುವುದು ಬೇಡ, ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಎದೆ ಕೆಂಪಾಗಿ ನೋವು, ಜ್ವರ ಬಂದರೂ ಕುಡಿಸುತ್ತಲೇ ಇರಬೇಕು. ಜೋರಾಗಿ ತಿಕ್ಕಬಾರದು, ತಣ್ಣನೆಯ ಬಟ್ಟೆ ಇಡಬೇಕು, 24 ಗಂಟೆಯಲ್ಲಿ ಇಳಿಯದಿದ್ದರೆ ವೈದ್ಯರ ಬಳಿ ಹೋಗಬೇಕು.

ಹಸಿರುಬಳೆ

ಎಲ್ಲರಿಗೂ ನಮಸ್ಕಾರ, ಭಾಷಣವನ್ನು ಪೂರ್ತಿ ತೆಗೆದುಹಾಕಿದ್ದೇನೆ. ಚೀಟಿಗೆ 10 ನಿಮಿಷ, ಚಮಚ ಮತ್ತು ಲಂಗೋಟಿ ಲೆಕ್ಕಕ್ಕೆ 20, ಗೊಂಬೆ ಕಾಲುಚೀಲಕ್ಕೆ 30, ಒಳಲೆ ಮತ್ತು ತೆಗೆದಿಡುವುದಕ್ಕೆ 15, ರಜೆಯ ಪತ್ರ ಬರೆಯಲು 15. ಒಂದು ಪ್ರಶ್ನೆ ಉಳಿದಿದೆ. ಮಕ್ಕಳ ಆಹಾರದ ಕಂಪನಿಯ ಪ್ರತಿನಿಧಿಯೊಬ್ಬರು ನೋಟ್‌ಬುಕ್, ಊಟ, ಬಹುಮಾನಕ್ಕೆ ಬಾಟಲಿಗಳು ಎಲ್ಲವನ್ನೂ ಕೊಡುತ್ತೇವೆ ಎಂದಿದ್ದಾರೆ. ಕಾಲೇಜಿಗೆ ಖರ್ಚು ಉಳಿಯುತ್ತದೆ ಎಂಬ ಮಾತಿದೆ.

ಪೀಣ್ಯಸೈರನ್

ಬೇಡವೇ ಬೇಡ ಮೇಡಂ. 1992ರ ಶಿಶು ಹಾಲು ಬದಲಿ ಆಹಾರ ಕಾಯ್ದೆ, 2003ರಲ್ಲಿ ತಿದ್ದುಪಡಿಯಾದದ್ದು, ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರ ಮತ್ತು ಬಾಟಲಿಗಳ ಜಾಹೀರಾತು, ಮಾದರಿ, ಉಡುಗೊರೆ ಎಲ್ಲವನ್ನೂ ನಿಷೇಧಿಸುತ್ತದೆ. ಆರೋಗ್ಯ ಕಾರ್ಯಕರ್ತರ ಸಭೆ, ಸ್ಪರ್ಧೆಗಳಿಗೆ ಕಂಪನಿ ಹಣ ಕೊಡುವಂತಿಲ್ಲ. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವುದಕ್ಕೂ ಅವಕಾಶವಿಲ್ಲ. ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಆ ಪ್ರತಿನಿಧಿ ಕೊಟ್ಟದ್ದನ್ನು ಬರವಣಿಗೆಯಲ್ಲೇ ನಿರಾಕರಿಸಿ, ಪತ್ರದ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ. ನಿಮಗೆ ಬೇಕಾದದ್ದು ಹತ್ತು ಕಾಲುಚೀಲ, ಅರ್ಧ ಕಿಲೊ ಹತ್ತಿ, ಒಂದೆರಡು ಒಳಲೆ. ಎನ್‌ಎಸ್‌ಎಸ್ ಹಣದಲ್ಲೇ ಆಗುತ್ತದೆ.